ಚೀಲದಲ್ಲಿ ಒಯ್ಯುವ ಕಂಪ್ಯೂಟರ್

ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಹುಡುಗಿಗೆ ಕಂಪ್ಯೂಟರ್ ಕೊಡಿಸಬೇಕಾದರೆ ದೊಡ್ಡ ದುಡ್ಡು ಬೇಕೇ ಬೇಕು ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ. ಹಾಗೇನೂ ಇಲ್ಲ. ಕೆಟ್ಟುಹೋದ ಲ್ಯಾಪ್‌ಟಾಪಿನಿಂದ ಬಿಚ್ಚಿದ ಒಂದು ಒಳ್ಳೆಯ ಹಾರ್ಡ್‌ಡಿಸ್ಕ್, ಅದನ್ನು ಕೂರಿಸಲು ಕೆಲವು ನೂರು ರೂಪಾಯಿಯ ಒಂದು ಯುಎಸ್‌ಬಿ ಕೇಸ್, ಪುಕ್ಕಟೆ ಸಿಗುವ ಲಿನಕ್ಸ್. ಇಷ್ಟಿದ್ದರೆ ಆ ಡಿಸ್ಕಿನ ಮೇಲೆಯೇ ಪೂರ್ತಿ ಆಪರೇಟಿಂಗ್ ಸಿಸ್ಟಂ ಹಾಕಬಹುದು. ಮುಂದೆ ಯಂತ್ರ ಯಾರದೇ ಇರಲಿ, ಕಾಲೇಜಿನದೋ ಸೋದರಮಾವನ ಮನೆಯದೋ, ಡಿಸ್ಕ್ ಸಿಕ್ಕಿಸಿ ಆನ್ ಮಾಡಿದರೆ ಪರದೆಯ ಮೇಲೆ ತೆರೆದುಕೊಳ್ಳುವುದು ಅವಳ ಕಂಪ್ಯೂಟರ್. ಅವಳ ಪಾಸ್‌ವರ್ಡ್, ಅವಳ ಕಡತಗಳು, ನಿನ್ನೆ ಅರ್ಧಕ್ಕೆ ನಿಲ್ಲಿಸಿದ ಪ್ರಾಜೆಕ್ಟ್ ಎಲ್ಲ ಇದ್ದಲ್ಲೇ ಇರುತ್ತವೆ. ಕೆಲಸ ಮುಗಿಸಿ ಆಫ್ ಮಾಡಿ ಡಿಸ್ಕ್ ಕಿತ್ತರೆ ಆ ಯಂತ್ರ ಮೊದಲಿನಂತೆ ಅದರ ಒಡೆಯರದು.

ನಮ್ಮ ಬಂಕಾಪುರದಂಥ ಊರಿಗೆ ಈ ಮಾತು ಈಗ ತುರ್ತಿನದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದರೆ ಎಂಟನೆಯ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ಶಿಗ್ಗಾವಿ, ಸವಣೂರು, ಹಾನಗಲ್, ಹಿರೇಕೆರೂರು ಕಡೆಯ ಡಿಟಿಪಿ ಅಂಗಡಿಗಳಲ್ಲಿ, ಶಾಲೆಯ ಕಂಪ್ಯೂಟರ್ ಕೋಣೆಗಳಲ್ಲಿ ಇನ್ನೂ ಗಟ್ಟಿಯಾಗಿ ಓಡುತ್ತಿರುವ ಹಳೆಯ ಯಂತ್ರಗಳಿಗೆ ಆ ಭಾಗ್ಯವಿಲ್ಲ. ಅವುಗಳಲ್ಲಿ ಕೆಟ್ಟದ್ದು ಏನೂ ಇಲ್ಲ. ಪತ್ರ ಟೈಪ್ ಮಾಡುತ್ತವೆ, ಪಹಣಿ ಪ್ರಿಂಟ್ ಹಾಕುತ್ತವೆ, ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತವೆ. ಇವನ್ನು ಗುಜರಿಗೆ ಹಾಕುವುದು ಅನ್ಯಾಯ. ಭದ್ರತಾ ಅಪ್‌ಡೇಟ್ ಇಲ್ಲದ ವಿಂಡೋಸಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುತ್ತ ಕೂಡುವುದೂ ಸರಿಯಲ್ಲ.

ಹಾಗಾದರೆ ಲಿನಕ್ಸ್ ಹಾಕೋಣ ಎಂದು ಅಂಗಡಿಯವರಿಗೆ ಹೇಳಿ ನೋಡಿ. ‘ಅದೆಲ್ಲಾ ಖರೆ ಐತ್ರೀ ಸರ್, ಆದ್ರ ನನ್ನ ವಿಂಡೋಸ್ ಹ್ವಾದ್ರ ನಾಳೆ ಗಿರಾಕಿಗೆ ಏನ್ ಹೇಳ್ಲಿ?’ ಎಂಬ ಮಾತು ಬರುತ್ತದೆ. ಅದು ನ್ಯಾಯವಾದ ಅಂಜಿಕೆ. ಒಳಗಿನ ಡಿಸ್ಕಿನಲ್ಲಿ ಹತ್ತು ವರ್ಷದ ಲಗ್ನಪತ್ರಿಕೆಗಳಿವೆ, ಸೊಸೈಟಿಯ ವಾರ್ಷಿಕ ವರದಿಗಳಿವೆ, ಯಾರದೋ ಮನೆಯ ಫೋಟೋಗಳಿವೆ. ಫಾರ್ಮ್ಯಾಟ್ ಹೊಡೆದರೆ ಎಲ್ಲ ಹೋಯಿತು. ಹೊರಗಿನ ಡಿಸ್ಕಿನ ದಾರಿ ನನಗೆ ಹಿಡಿಸುವುದು ಇದೇ ಕಾರಣಕ್ಕೆ. ಒಳಗಿನದನ್ನು ಮುಟ್ಟದೆ ಹೊಸದನ್ನು ಬಳಸಿ ನೋಡಬಹುದು, ಒಗ್ಗಿದರೆ ಇಟ್ಟುಕೊಳ್ಳಬಹುದು. ಆದರೆ ಮುಟ್ಟುವುದಿಲ್ಲ ಎಂಬ ಆ ಮಾತನ್ನು ಉಳಿಸಿಕೊಳ್ಳುವುದು ಪೂರ್ತಿ ನಮ್ಮ ಎಚ್ಚರದ ಮೇಲೆ ನಿಂತಿದೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ತಾನು ಬರೆಯುತ್ತಿದ್ದ ಆಪರೇಟಿಂಗ್ ಸಿಸ್ಟಂ ಬಗ್ಗೆ ಜಗತ್ತಿಗೆ ಮೊದಲ ಬಾರಿ ತಿಳಿಸಿದಾಗ, ಇದು ಎಟಿ ಹಾರ್ಡ್‌ಡಿಸ್ಕ್ ಬಿಟ್ಟು ಬೇರೇನನ್ನೂ ಬಹುಶಃ ಎಂದಿಗೂ ಗುರುತಿಸಲಿಕ್ಕಿಲ್ಲ, ಯಾಕೆಂದರೆ ನನ್ನ ಹತ್ತಿರ ಇರುವುದು ಅದೊಂದೇ ಎಂದು ಬರೆದಿದ್ದ. ಎಟಿ ಎಂದರೆ ಪೆಟ್ಟಿಗೆಯ ಒಳಗೆ ಕೇಬಲ್ಲಿನಲ್ಲಿ ಬಿಗಿದಿಟ್ಟ ಡಿಸ್ಕ್. ಯುಎಸ್‌ಬಿ ಆಗ ಹುಟ್ಟಿರಲೇ ಇಲ್ಲ. ಅದರ ಮೊದಲ ಆವೃತ್ತಿ ಬಂದದ್ದು 1996ರಲ್ಲಿ, ವೇಗ ಸೆಕೆಂಡಿಗೆ 12 ಮೆಗಾಬಿಟ್. ಆ ದಾರಿಯಲ್ಲಿ ಒಂದು ಗಿಗಾಬೈಟ್ ಸಾಗಿಸಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು, ಅಂಥದ್ದರ ಮೇಲೆ ಆಪರೇಟಿಂಗ್ ಸಿಸ್ಟಂ ಓಡಿಸುವ ಮಾತೇ ಇರಲಿಲ್ಲ. 2000ದಲ್ಲಿ ಯುಎಸ್‌ಬಿ 2.0 ಬಂದು ವೇಗ 480 ಮೆಗಾಬಿಟ್ಟಿಗೆ ಏರಿತು. 2008ರ ಯುಎಸ್‌ಬಿ 3.0 ಅದನ್ನು 5 ಗಿಗಾಬಿಟ್ ಮಾಡಿತು. ಜರ್ಮನಿಯ ಕ್ಲೌಸ್ ಕ್ನಾಪರ್ 2000ದಲ್ಲಿ ಹೊರತಂದ ಕ್ನಾಪಿಕ್ಸ್, ಹಾರ್ಡ್‌ಡಿಸ್ಕಿಗೆ ಏನೂ ಬರೆಯದೆ ಸಿಡಿಯಿಂದಲೇ ಲಿನಕ್ಸ್ ಓಡಿಸಬಹುದು ಎಂದು ತೋರಿಸಿತು. ಹೊರಗಿನ ಮಾಧ್ಯಮದಲ್ಲಿ ಸಿಸ್ಟಂ ಒಯ್ಯುವ ಕಲ್ಪನೆ ಜನರ ಕೈಗೆ ಬಂದದ್ದು ಬಹುಮಟ್ಟಿಗೆ ಅಲ್ಲಿಂದ.

ಆದರೂ ಯುಎಸ್‌ಬಿ ಡಿಸ್ಕಿನಿಂದ ಬೂಟ್ ಮಾಡುವುದು ಬಹಳ ಕಾಲ ಜಿಗುಟಿನ ಕೆಲಸವಾಗಿಯೇ ಉಳಿಯಿತು. ಕಾರಣ ಕುತೂಹಲದ್ದು. ಯಂತ್ರ ಆನ್ ಆದಾಗ ಮೊದಲು ಎಚ್ಚರಾಗುವುದು ಮದರ್‌ಬೋರ್ಡಿನ ಬಯಾಸ್. ಅದು ಡಿಸ್ಕಿನಲ್ಲಿರುವ ಬೂಟ್‌ಲೋಡರನ್ನು ಎಬ್ಬಿಸುತ್ತದೆ, ಬೂಟ್‌ಲೋಡರ್ ಸಿಸ್ಟಂನ ತಿರುಳಾದ ಕರ್ನೆಲ್ಲನ್ನು ಮೆಮೊರಿಗೆ ಏರಿಸಿ ತಾನು ಪಕ್ಕಕ್ಕೆ ಸರಿಯುತ್ತದೆ. ಈಗ ಕರ್ನೆಲ್ ಒಂಟಿ. ಉಳಿದದ್ದೆಲ್ಲ ಡಿಸ್ಕಿನಲ್ಲಿದೆ, ಡಿಸ್ಕ್ ಯುಎಸ್‌ಬಿಯ ಆಚೆ ಇದೆ, ಯುಎಸ್‌ಬಿ ಡಿಸ್ಕನ್ನು ಮಾತಾಡಿಸುವ ಡ್ರೈವರ್ ಎಲ್ಲಿದೆ ಎಂದರೆ ಅದೇ ಡಿಸ್ಕಿನ ಒಳಗೆ! ಈ ಗಂಟನ್ನು ಬಿಡಿಸಲು ಅವಶ್ಯ ಡ್ರೈವರ್‌ಗಳನ್ನೆಲ್ಲ ಕಟ್ಟಿದ ಒಂದು ಪುಟ್ಟ ಬುತ್ತಿಯನ್ನು ಕರ್ನೆಲ್ಲಿನ ಜೊತೆಗೇ ಮೆಮೊರಿಗೆ ಏರಿಸುತ್ತಾರೆ. ಇನಿಟ್‌ರಾಮ್‌ಎಫ್‌ಎಸ್ ಎಂದು ಅದರ ಹೆಸರು. ಅಷ್ಟಾದರೂ ಮೊದಮೊದಲು ಇನ್ನೊಂದು ತೊಡಕಿತ್ತು. ತಿರುಗುವ ಹಾರ್ಡ್‌ಡಿಸ್ಕ್ ವೇಗ ಹಿಡಿದು ತಾನಿದ್ದೇನೆ ಎಂದು ಹೇಳಲು ಕೆಲವು ಸೆಕೆಂಡು ಬೇಕು. ಕರ್ನೆಲ್ ಅಷ್ಟು ಕಾಯದೆ, ಡಿಸ್ಕ್ ಕಾಣುತ್ತಿಲ್ಲ ಎಂದು ಪ್ಯಾನಿಕ್ ಆಗಿ ನಿಂತುಬಿಡುತ್ತಿತ್ತು. ಸ್ವಲ್ಪ ತಡೆ ಎಂದು ಅದಕ್ಕೆ ಕೈಯಾರೆ ಬರೆದು ತಿಳಿಸಬೇಕಾಗಿತ್ತು. ಈಗಿನ ವ್ಯವಸ್ಥೆಗಳು ತಾವಾಗಿಯೇ ಕಾಯುತ್ತವೆ. ಡಿಸ್ಕನ್ನು ಎಸ್‌ಡಿಎ, ಎಸ್‌ಡಿಬಿ ಎಂಬ ಸರದಿಯ ಹೆಸರಿನಿಂದ ಹುಡುಕದೆ, ಫೈಲ್ ಸಿಸ್ಟಂ ಮೇಲೆ ಅಚ್ಚಾದ ಯುಯುಐಡಿ ಎಂಬ ಗುರುತಿನಿಂದ ಹುಡುಕುತ್ತವೆ. ಬೇರೆ ಯಂತ್ರದಲ್ಲಿ ಬೇರೆ ಪೋರ್ಟಿಗೆ ಸಿಕ್ಕಿಸಿದರೂ ಅದೇ ಡಿಸ್ಕ್ ಸಿಗುತ್ತದೆ.

ವಿಂಡೋಸ್ ಇದಕ್ಕೆ ಒಲಿಯುವುದಿಲ್ಲ. ಯುಎಸ್‌ಬಿ ಡಿಸ್ಕನ್ನು ಆರಿಸಿದರೆ ಅದರ ಇನ್‌ಸ್ಟಾಲರ್ ಇಲ್ಲಿ ಹಾಕಲಾಗದು ಎಂದು ನೇರವಾಗಿ ಹೇಳಿಬಿಡುತ್ತದೆ. ವಿಂಡೋಸ್ 8ರ ಕಾಲಕ್ಕೆ ದೊಡ್ಡ ಸಂಸ್ಥೆಗಳಿಗೆಂದು ವಿಂಡೋಸ್ ಟು ಗೋ ಎಂಬ ಸವಲತ್ತು ಬಂದಿತ್ತು. 2020ರಲ್ಲಿ ಅದನ್ನೂ ತೆಗೆದರು.

ಹಾಕುವ ಕೆಲಸಕ್ಕೆ ಬರೋಣ. ಎರಡು ವಸ್ತು ಬೇಕು. ಒಂದು, ಇನ್‌ಸ್ಟಾಲರ್ ತುಂಬಿದ ಪೆನ್‌ಡ್ರೈವ್. 8 ಜಿಬಿ ಆದರೆ ಸಾಕು. ಇನ್ನೊಂದು, ಸಿಸ್ಟಂ ಹೋಗಿ ಕೂಡುವ ಹಾರ್ಡ್‌ಡಿಸ್ಕ್. ಪೆನ್‌ಡ್ರೈವಿನಲ್ಲೇ ಹಾಕಿದರೆ ಆಗದೇ ಎಂದು ಮಕ್ಕಳು ಕೇಳುತ್ತಾರೆ. ಹಾಕಬಹುದು, ಆದರೆ ಸಿಸ್ಟಂ ಎಡೆಬಿಡದೆ ಚಿಕ್ಕಚಿಕ್ಕ ತುಣುಕುಗಳನ್ನು ಬರೆಯುತ್ತಿರುತ್ತದೆ, ಅಗ್ಗದ ಪೆನ್‌ಡ್ರೈವುಗಳು ಆ ಹೊರೆಗೆ ನಿಧಾನವಾಗುತ್ತವೆ, ಬೇಗ ಸವೆಯುತ್ತವೆ. ಹಾರ್ಡ್‌ಡಿಸ್ಕ್ ಅಥವಾ ಎಸ್‌ಎಸ್‌ಡಿಯೇ ಸರಿ.

ಪೆನ್‌ಡ್ರೈವಿನಿಂದ ಬೂಟ್ ಮಾಡಲು ಯಂತ್ರ ಆನ್ ಆದ ಕೂಡಲೇ ಒಂದು ಕೀಲಿ ಒತ್ತಬೇಕು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪುಗಳಲ್ಲಿ ಎಸ್ಕೇಪ್. ಇನ್‌ಸ್ಟಾಲರ್ ತೆರೆದು ಭಾಷೆ, ಕೀಲಿಮಣೆ, ಊರು ಕೇಳುತ್ತದೆ. ಆಮೇಲೆ ಬರುವ ಪರದೆಯಲ್ಲಿ ಕೈ ಬಿಗಿಹಿಡಿಯಬೇಕು. ಎಲ್ಲಿ ಹಾಕಲಿ ಎಂಬ ಪ್ರಶ್ನೆ ಅದು. ಪಟ್ಟಿಯಲ್ಲಿ ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂಬ ಮೂರು ಹೆಸರು ಕಾಣುತ್ತವೆ ಎನ್ನಿ. ಅಂಗಡಿಯವರ ಡಿಸ್ಕ್ ಯಾವುದು, ನಮ್ಮದು ಯಾವುದು, ಪೆನ್‌ಡ್ರೈವ್ ಯಾವುದು? ಹೆಸರನ್ನು ನೆಚ್ಚಬೇಡಿ. ಅಳತೆ ನೋಡಿ, ತಯಾರಕರ ಹೆಸರು ನೋಡಿ. 500 ಜಿಬಿಯ ಡಿಸ್ಕ್ ಅಲ್ಲಿ 465 ಎಂದು ಕಾಣಿಸಬಹುದು, 1 ಟಿಬಿಯದು 931 ಎಂದು. ಎಣಿಸುವ ಲೆಕ್ಕ ಬೇರೆ, ಡಿಸ್ಕ್ ಅದೇ. ಎರಡೂ ಒಂದೇ ಅಳತೆಯವಾಗಿದ್ದು ಅನುಮಾನ ಉಳಿದರೆ ಇನ್‌ಸ್ಟಾಲರ್ ಮುಚ್ಚಿ, ನಮ್ಮ ಡಿಸ್ಕ್ ಕಿತ್ತು, ಪಟ್ಟಿಯಿಂದ ಯಾವುದು ಮಾಯವಾಯಿತು ಎಂದು ನೋಡಿ, ಮತ್ತೆ ಸಿಕ್ಕಿಸಿ. ಎರಡು ನಿಮಿಷದ ಕೆಲಸ, ಇನ್ನೊಬ್ಬರ ಹತ್ತು ವರ್ಷದ ದುಡಿಮೆಗೆ ಕಾವಲು.

ಇಷ್ಟು ಎಚ್ಚರ ವಹಿಸಿದವರೂ ಮುಗ್ಗರಿಸುವ ಜಾಗ ಇದರಾಚೆ ಇದೆ. ಅದೇ ಪರದೆಯ ಕೆಳಗೆ, ಕಣ್ಣಿಗೆ ಬೀಳದ ಹಾಗೆ ಒಂದು ಸಾಲು: ಬೂಟ್‌ಲೋಡರ್ ಯಾವ ಡಿಸ್ಕಿಗೆ? ಪೂರ್ತಿ ಸಿಸ್ಟಂ ಹೊರಗಿನ ಡಿಸ್ಕಿಗೆ ಹೋದರೂ ಗ್ರಬ್ ಎಂಬ ಬೂಟ್‌ಲೋಡರ್ ಮಾತ್ರ ಒಳಗಿನ ಡಿಸ್ಕಿಗೆ ಹೋಗಿ ಕೂತರೆ ಏನಾಗುತ್ತದೆ? ನಾವು ನಮ್ಮ ಡಿಸ್ಕ್ ಕಿತ್ತುಕೊಂಡು ಮನೆಗೆ ಬಂದೆವು. ಮರುದಿನ ಬೆಳಿಗ್ಗೆ ಅಂಗಡಿಯವರು ಯಂತ್ರ ಆನ್ ಮಾಡಿದರೆ ಕಪ್ಪು ಪರದೆ, ಮೂಲೆಯಲ್ಲಿ ಗ್ರಬ್ ಎಂಬ ಅಕ್ಷರ. ಅವರ ಕಡತಗಳು ಅಳಿಸಿಲ್ಲ, ವಿಂಡೋಸ್ ಕೂಡ ಹೋಗಿಲ್ಲ, ಆದರೆ ಬಾಗಿಲು ತೆರೆಯುವ ಕೀಲಿ ನಮ್ಮ ಡಿಸ್ಕಿನ ಜೊತೆ ಊರಾಚೆ ಹೋಗಿದೆ. ಉಬುಂಟುವಿನ ಹಳೆಯ ಇನ್‌ಸ್ಟಾಲರಿನಲ್ಲಂತೂ ಆ ಸಾಲಿನಲ್ಲಿ ಹೊರಗಿನ ಡಿಸ್ಕನ್ನೇ ಆರಿಸಿದರೂ ಬಯಾಸಿನ ಹೊಸ ರೂಪವಾದ ಯುಇಎಫ್‌ಐ ಇರುವ ಯಂತ್ರಗಳಲ್ಲಿ ಗ್ರಬ್ ಒಳಗಿನ ಡಿಸ್ಕಿನ ಇಎಫ್‌ಐ ಎಂಬ ಬೂಟ್ ವಿಭಾಗಕ್ಕೇ ಹೋಗುತ್ತಿತ್ತು. ಬಹಳ ವರ್ಷ ಬಗೆಹರಿಯದೆ ಉಳಿದ, ಎಲ್ಲರಿಗೂ ಗೊತ್ತಿದ್ದ ದೋಷ ಅದು.

ಆದ್ದರಿಂದ ಡೆಸ್ಕ್‌ಟಾಪ್ ಆದರೆ ಒಂದೇ ಮಾತು. ಕರೆಂಟ್ ತೆಗೆದು, ಪೆಟ್ಟಿಗೆ ಬಿಚ್ಚಿ, ಒಳಗಿನ ಡಿಸ್ಕಿನ ಕೇಬಲ್ ಕಿತ್ತಿಟ್ಟು ಆಮೇಲೆ ಹಾಕಿ. ಕಾಣದ ಡಿಸ್ಕಿಗೆ ಯಾವ ಇನ್‌ಸ್ಟಾಲರೂ ಬರೆಯಲಾರದು. ಲ್ಯಾಪ್‌ಟಾಪ್ ಆದರೆ ಬಯಾಸ್‌ನಲ್ಲಿ ಒಳಡಿಸ್ಕನ್ನು ಆಫ್ ಮಾಡುವ ಸೌಲಭ್ಯ ಇದೆಯೇ ನೋಡಿ. ಇಲ್ಲದಿದ್ದರೆ ಜಿಪಾರ್ಟೆಡ್ ಎಂಬ ಡಿಸ್ಕ್ ವಿಭಾಗಗಳ ತಂತ್ರಾಂಶ ತೆರೆದು, ಒಳಗಿನ ಇಎಫ್‌ಐ ವಿಭಾಗದ ಗುರುತನ್ನು ತಾತ್ಕಾಲಿಕವಾಗಿ ತೆಗೆದಿಟ್ಟು, ಕೆಲಸ ಮುಗಿದ ಮೇಲೆ ಮರಳಿ ಹಚ್ಚಬೇಕು. ಹೊರಡಿಸ್ಕಿಗೆ ಅದರದೇ ಆದ ಚಿಕ್ಕದೊಂದು ಇಎಫ್‌ಐ ವಿಭಾಗ ಇರಲಿ. ಅದರಲ್ಲಿ ಇಎಫ್‌ಐ ಫೋಲ್ಡರಿನ ಒಳಗಿನ ಬೂಟ್ ಫೋಲ್ಡರಿನಲ್ಲಿ ಬೂಟ್‌ಎಕ್ಸ್64 ಎಂಬ ಕಡತ ಇರಬೇಕು. ಹೊಸ ಯಂತ್ರವೊಂದು ಅಪರಿಚಿತ ಡಿಸ್ಕನ್ನು ಕಂಡಾಗ ಮೊದಲು ತಡಕುವುದು ಆ ವಿಳಾಸವನ್ನೇ. ಅಲ್ಲಿ ಕಡತ ಇಲ್ಲದಿದ್ದರೆ ಹಾಕಿದ ಯಂತ್ರದಲ್ಲಿ ಮಾತ್ರ ಡಿಸ್ಕ್ ಬೂಟ್ ಆಗುತ್ತದೆ, ಬೇರೆ ಕಡೆ ಮುಖ ತಿರುಗಿಸುತ್ತದೆ. ಬಿಟ್‌ಲಾಕರ್ ಎಂಬ ವಿಂಡೋಸ್ ಬೀಗ ಹಾಕಿದ ಯಂತ್ರವಾದರೆ, ಬಯಾಸಿನಲ್ಲಿ ಸೆಕ್ಯೂರ್ ಬೂಟ್ ಎಂಬ ಭದ್ರತಾ ಆಯ್ಕೆ ಬದಲಿಸುವ ಮುಂಚೆ ಅದರ ರಿಕವರಿ ಕೀ ಒಡೆಯರ ಬಳಿ ಇದೆಯೇ ಎಂದು ಕೇಳಿ. ಅದಿಲ್ಲ ಎಂದರೆ ಆ ಯಂತ್ರದ ತಂಟೆಗೆ ಹೋಗಬಾರದು.

ವಿದ್ಯುತ್ತಿನ ಲೆಕ್ಕವೂ ಇದೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಕೊಡಬೇಕಾದದ್ದು 900. ತಿರುಗುವ ಡಿಸ್ಕ್ ಚಾಲೂ ಆಗುವ ಗಳಿಗೆಯಲ್ಲಿ ಅದಕ್ಕಿಂತ ಹೆಚ್ಚು ಎಳೆಯಬಹುದು. ಹಳೆಯ ಡೆಸ್ಕ್‌ಟಾಪಿನ ಮುಂಬದಿಯ ಪೋರ್ಟಿಗೆ ಹಾಕಿದಾಗ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿ ನಿಂತರೆ ಡಿಸ್ಕ್ ಕೆಟ್ಟಿತೆಂದು ಗಾಬರಿಯಾಗಬೇಡಿ. ಮೊದಲು ಹಿಂಬದಿಯ ಪೋರ್ಟಿಗೆ ಹಾಕಿ ನೋಡಿ, ಕೇಬಲ್ ಬದಲಿಸಿ ನೋಡಿ. ಒಳಗೆ ನೀಲಿ ಬಣ್ಣವಿರುವ 3.0 ಪೋರ್ಟ್ ಇದ್ದರೆ ಅದೇ ಉತ್ತಮ. ನಮ್ಮ ಕಡೆ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ. ಯುಪಿಎಸ್ ಇಲ್ಲದ ಯಂತ್ರದಲ್ಲಿ ಅಪ್‌ಡೇಟ್ ಹಾಕಬೇಡಿ. ಅರ್ಧಕ್ಕೆ ನಿಂತ ಅಪ್‌ಡೇಟ್ ಬೂಟ್ ಆಗುವುದನ್ನೇ ತಪ್ಪಿಸಬಹುದು. ಕಳೆದುಹೋಗುವ ಭಯವೂ ಉಂಟು. ಬಸ್ಸಿನಲ್ಲಿ, ಚೀಲದಲ್ಲಿ ಓಡಾಡುವ ವಸ್ತುವಿದು. ಹಾಕುವಾಗಲೇ ಎನ್‌ಕ್ರಿಪ್ಶನ್ ಆರಿಸಿಕೊಂಡರೆ ಡಿಸ್ಕ್ ಯಾರ ಕೈಗೆ ಸಿಕ್ಕರೂ ಒಳಗಿನದು ಓದಲು ಬಾರದು. ಹೆಣ್ಣುಮಕ್ಕಳಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ.

ಕನ್ನಡದ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಲಿನಕ್ಸ್ ಹೊಸದಾಗಿ ಕಲಿಸುವುದು ಹೆಚ್ಚೇನಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತು ನುಡಿಯ ಮೂಲಕ ನಾಡಿನ ತುಂಬ ಹಬ್ಬಿಸಿದ ಕೀಲಿಮಣೆ ವಿನ್ಯಾಸ ಇಲ್ಲಿಯೂ ಕಗಪ ಎಂಬ ಹೆಸರಿನಲ್ಲಿ ಮೊದಲೇ ಇದೆ. ಕೀಲಿಮಣೆಯ ಪಟ್ಟಿಯಿಂದ ಆರಿಸಿಕೊಂಡರೆ ಆಯಿತು. ಅರವಿಂದ ವಿ. ಕೆ. ಅವರು ಮಾಡಿಕೊಟ್ಟ ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರವಿನ್ಯಾಸಗಳು ಡೆಬಿಯನ್, ಉಬುಂಟುಗಳ ಭಂಡಾರದಲ್ಲೇ ಸಿಗುತ್ತವೆ. ಕೋಟೆಯೊಳಗೆ ನವಿಲುಧಾಮ ಇಟ್ಟುಕೊಂಡ ನಮ್ಮ ಊರಿನ ಮಕ್ಕಳು ಕೈಬರಹದಂತಿರುವ ಆ ನವಿಲು ಅಕ್ಷರದಲ್ಲಿ ತಮ್ಮ ಹೆಸರು ಬರೆದು ನೋಡಲಿ ಎಂದು ನನ್ನ ಆಸೆ. ತೊಂದರೆ ಇರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಕೂಡಿಸಿದ ಲಗ್ನಪತ್ರಿಕೆ ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಅದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಬದಲಿಸಿದ ಮೇಲೆ ಒಂದು ಸಲ ಕಣ್ಣಾಡಿಸಿ ತಿದ್ದಲೇಬೇಕು. ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಜಾರುತ್ತವೆ.

ಇದೆಲ್ಲ ನಮ್ಮ ಮಕ್ಕಳಿಗೆ ಭಾರವಾಗುತ್ತದೆ ಎನ್ನುವವರು ಕಾಸರಗೋಡಿನ ಕಡೆ ನೋಡಬೇಕು. ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳದ ಉಳಿದ ಮಕ್ಕಳಂತೆಯೇ ಲಿನಕ್ಸಿನಲ್ಲಿ ಕಂಪ್ಯೂಟರ್ ಕಲಿಯುತ್ತಾರೆ. 2001ರ ಸುಮಾರಿಗೆ ಐಟಿ@ಸ್ಕೂಲ್ ಎಂದು ಆರಂಭವಾಗಿ 2017ರಲ್ಲಿ ಕೈಟ್ ಎಂಬ ಸರಕಾರಿ ಕಂಪನಿಯಾದ ಸಂಸ್ಥೆ ಉಬುಂಟುವನ್ನು ಶಾಲೆಗೆ ಹೊಂದಿಸಿ ತನ್ನದೇ ಆವೃತ್ತಿ ಮಾಡಿದೆ. 2019ರ ಆವೃತ್ತಿಯನ್ನು ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆಂದು ಹೊರತಂದಿತ್ತು. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಹತ್ತನೆಯ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆ ನಡೆಯುವುದೂ ಅದೇ ವ್ಯವಸ್ಥೆಯಲ್ಲಿ. ಮಂಜೇಶ್ವರದ ಕನ್ನಡದ ಹುಡುಗನಿಗೆ ಸಲೀಸಾದದ್ದು ಬಂಕಾಪುರದ ಹುಡುಗನಿಗೆ ಕಷ್ಟ ಎಂದು ನಾನು ಒಪ್ಪುವುದಿಲ್ಲ. ಕೊರತೆ ಮಕ್ಕಳಲ್ಲಿಲ್ಲ, ದೊಡ್ಡವರ ಮನಸ್ಸಿನಲ್ಲಿದೆ.

ಪುಕ್ಕಟೆ ಕೊಟ್ಟದ್ದು ಒಳ್ಳೆಯದಿರಲಿಕ್ಕಿಲ್ಲ ಎಂಬ ಗುಮಾನಿ ಕೆಲವರಿಗೆ. ನಮ್ಮ ಬಂಕಾಪುರದವರಿಗೆ ಆ ಗುಮಾನಿ ಸಲ್ಲ. ಜಿನಸೇನರಿಂದ ಪೂರ್ತಿಯಾಗದೆ ಉಳಿದ ಮಹಾಪುರಾಣವನ್ನು ಶಿಷ್ಯ ಗುಣಭದ್ರರು ಉತ್ತರಪುರಾಣ ಬರೆದು ಮುಂದುವರಿಸಿದರು, ಅವರ ಶಿಷ್ಯ ಲೋಕಸೇನರು ಅದಕ್ಕೆ ಪ್ರಶಸ್ತಿ ಬರೆದರು. ಕ್ರಿ.ಶ. 898ರಲ್ಲಿ, ಬಂಕೆಯನ ಮಗ ಲೋಕಾದಿತ್ಯ ಆಳುತ್ತಿದ್ದ ಬಂಕಾಪುರದಲ್ಲಿ ಆ ಗ್ರಂಥಕ್ಕೆ ಪೂಜೆ ಸಂದಿತು. ಒಬ್ಬರು ತೊಡಗಿದ್ದನ್ನು ಮತ್ತೊಬ್ಬರು ಮುಗಿಸುವುದು ಇಲ್ಲಿ ಗೌರವದ ಕೆಲಸವಾಗಿತ್ತು. ಇಲ್ಲಿದ್ದ ಅಜಿತಸೇನಾಚಾರ್ಯರು ರನ್ನನ ಗುರು. ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಪ್ರತಿ ಮಾಡಿ ಕೊಡುವುದನ್ನು ಅವಳ ಕಾಲ ಶಾಸ್ತ್ರದಾನ ಎಂದು ಕೊಂಡಾಡಿತು. ಲಿನಕ್ಸ್ ಕರ್ನೆಲ್ ಹೊತ್ತಿರುವ ಜಿಎನ್‌ಯು ಪರವಾನಗಿ, 1989ರಲ್ಲಿ ಮೊದಲು ಪ್ರಕಟವಾದದ್ದು, ಹೇಳುವುದೂ ಅದನ್ನೇ: ಬಳಸು, ತೆರೆದು ನೋಡು, ತಿದ್ದು, ಪ್ರತಿ ಮಾಡಿ ಕೊಡು, ಪಡೆದವರಿಗೂ ಅದೇ ಹಕ್ಕು ಇರಲಿ. ಒಂದು ಡಿಸ್ಕಿನಿಂದ ಇನ್ನೊಂದು ಡಿಸ್ಕಿಗೆ ಇದನ್ನು ಹಾಕಿಕೊಡುವ ಹುಡುಗ ಕಳ್ಳ ಪ್ರತಿ ಮಾಡುತ್ತಿಲ್ಲ. ಕದ್ದ ವಿಂಡೋಸ್ ಹಾಕಿಸಿಕೊಂಡು ತಲೆ ತಗ್ಗಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು ಎಂದು ನಾನು ಖಂಡಿತವಾಗಿ ನಂಬಿದ್ದೇನೆ.

ಇನ್ನು ಊರಿನ ಹಿರಿಯರಲ್ಲಿ, ಮೇಷ್ಟ್ರುಗಳಲ್ಲಿ ಒಂದು ಬೇಡಿಕೆ. ಶಾಲೆ, ಕಾಲೇಜು, ಸುತ್ತಲ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇದ್ದರೂ ಬಯಾಸಿಗೆ ಪಾಸ್‌ವರ್ಡ್ ಹಾಕಿ ಹೊರಗಿನ ಡಿಸ್ಕಿನಿಂದ ಬೂಟ್ ಆಗದಂತೆ ಬಿಗಿದಿದ್ದರೆ ಈ ಡಿಸ್ಕ್ ಅಲ್ಲಿ ಬರೀ ಭಾರ. ಎಲ್ಲ ಯಂತ್ರಗಳನ್ನೂ ತೆರೆದಿಡಿ ಎಂದು ಕೇಳುತ್ತಿಲ್ಲ, ಹಾಗೆ ಬಿಗಿಯುವುದಕ್ಕೂ ಕಾರಣಗಳಿರುತ್ತವೆ. ಪ್ರತಿ ಕಡೆ ಒಂದು ಯಂತ್ರವನ್ನು ಇದಕ್ಕೆ ಬಿಟ್ಟುಕೊಡಿ. ಕಚೇರಿಯ ಕಡತ ಇಲ್ಲದ್ದು, ಹಿಂಬದಿಯ ಪೋರ್ಟುಗಳು ಸರಿ ಇರುವುದು, ಸಾಧ್ಯವಾದರೆ ಒಳಗಿನ ಡಿಸ್ಕನ್ನೇ ತೆಗೆದಿಟ್ಟದ್ದು. ಯಾವ ಕೀಲಿ ಒತ್ತಿದರೆ ಬೂಟ್ ಮೆನು ಬರುತ್ತದೆ ಎಂದು ಕನ್ನಡದಲ್ಲಿ ಬರೆದು ಅದರ ಮಾನಿಟರಿಗೆ ಅಂಟಿಸಿ. ಡಿಸ್ಕ್ ತಂದ ಮಕ್ಕಳ ಹೆಸರು, ಹೊತ್ತು ಬರೆದುಕೊಳ್ಳಲು ಪಕ್ಕದಲ್ಲಿ ಒಂದು ರಿಜಿಸ್ಟರ್ ಇಡಿ.